'ಬುಡವ್ವ' ಅಂದರೆ ಬೇಡ ಅಂತಲ್ಲ

ನನ್ನ ಹೆಂಡತಿಗೆ ಕಣ್ಣು ಬಂತು. ನಿನ್ನೆ ಬೆಳಿಗ್ಗೆ ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಬಿಚ್ಚಿದ ನರ್ಸಮ್ಮ ಹತ್ತಿಯನ್ನು ಇನ್ನೂ ತಟ್ಟೆಗೆ ಹಾಕಿರಲಿಲ್ಲ, ನಮ್ಮವಳು ಎದುರಿಗೆ ನಿಂತಿದ್ದ ಮೊಮ್ಮಗಳ ಕಡೆ ತಿರುಗಿ, "ಓಲೆ ಎಲ್ಲಿ ಕೂಸೆ? ಕಿವೀಲಿ ಅದೇನು ಸಾಸ್ವೆ ಕಾಳು ಇಕ್ಕಂಡಿದ್ದೀಯ?" ಅಂದಳು.

ಮೊಮ್ಮಗಳು ಓಲೆ ತೆಗೆದು ಪುಟ್ಟ ಹರಳು ಹಾಕಿಕೊಂಡು ಆಗಲೇ ಎಷ್ಟೋ ತಿಂಗಳಾಗಿತ್ತು. ಅದು ಅವಳ ಅಜ್ಜಿಗೆ ಕಂಡದ್ದು ನಿನ್ನೆ.

ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದಳು. "ಇಷ್ಟೊಂದು ಮುದುಕ ಆಗೋಗಿದ್ದೀರಾ" ಅಂದಳು. ನರ್ಸಮ್ಮ ನಕ್ಕರು. ನಾನು ಗೋಡೆಯ ಕಡೆ ತಿರುಗಿಕೊಂಡು, ಅಲ್ಲಿ ಬರೆದಿದ್ದ ದೊಡ್ಡ ಅಕ್ಷರ ಚಿಕ್ಕ ಅಕ್ಷರಗಳನ್ನೆಲ್ಲ ಓದುವವನ ಹಾಗೆ ನಿಂತೆ. ಕಣ್ಣು ಬಂದದ್ದು ಅವಳಿಗೆ, ಮಂಜಾದದ್ದು ನನಗೆ.

ನಾನು ಓದಿರುವುದು ನಾಲ್ಕನೇ ಕ್ಲಾಸು. ಆದರೆ ಮಿರ್ಲೆ ಕಡೆಯ ಒಂದು ನಾಲೆಗೆ ಬಹಳ ವರ್ಷ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವ ಹೊತ್ತು ನೀರು ಎಂದು ನೋಡಿಕೊಂಡು ತೂಬು ಎತ್ತುವುದು, ಇಳಿಸುವುದು, ಪಾಳಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ನೋಟುಬುಕ್ಕಿನಲ್ಲಿ ಬರೆಯುವ ಅಭ್ಯಾಸ ಉಳಿದಿದೆ. ನಿನ್ನೆ ಆದದ್ದನ್ನು, ಅದಕ್ಕೆ ಮೊದಲು ಆದದ್ದನ್ನು ಬರೆದಿಡದೆ ಇದ್ದರೆ ನನ್ನ ಎದೆಯಲ್ಲಿ ಹಿಡಿಸುವುದಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಬರೆಯುತ್ತೇನೆ.

ನಮ್ಮವಳಿಗೆ ಇರುವುದು ಒಂದೇ ಕಣ್ಣು. ಮದುವೆಯಾದ ಹೊಸತರಲ್ಲಿ ಕಬ್ಬು ಕಡಿಯುವಾಗ ಎಡಗಣ್ಣಿಗೆ ಗರಿ ಹೊಡೆಯಿತು. ಆ ಕಾಲಕ್ಕೆ ಯಾವ ಡಾಕ್ಟರು, ಯಾವ ಆಸ್ಪತ್ರೆ. ಯಾರೋ ಸೊಪ್ಪು ಹಿಂಡಿದರು, ಇನ್ನಾರೋ ಎದೆಹಾಲು ಬಿಟ್ಟರು, ಕಣ್ಣು ಹೋಯಿತು. ಮಿಕ್ಕ ಒಂದು ಕಣ್ಣಿನಲ್ಲೇ ನಾಟಿ ಹಾಕಿದಳು, ಮಕ್ಕಳನ್ನು ಸಾಕಿದಳು, ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಆ ಬಲಗಣ್ಣಿಗೇ ಈಗ ಎರಡು ವರ್ಷದಿಂದ ಪೊರೆ ಬಂದಿತ್ತು. ಸಾರು ಬಡಿಸಿದರೆ ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ನೋಡಿ ತಿಳಿಯುವ ಹಾಗಿಲ್ಲ, ಎರಡು ಸಲ ಹಾಕಿಬಿಡುತ್ತಿದ್ದಳು. ನಾವು ಉಪ್ಪುಪ್ಪು ಸಾರನ್ನೇ ಮಾತಾಡದೆ ಉಣ್ಣುತ್ತಿದ್ದೆವು.

ಭೇರ್ಯದಲ್ಲಿ ಕಣ್ಣಿನ ಶಿಬಿರ ನಡೆದಾಗ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ಪೊರೆ ಬಲಿತಿದೆ, ತೆಗೆದರೆ ಕಾಣುತ್ತದೆ, ತಡ ಮಾಡಬೇಡಿ, ಸರದಿ ಬಂದಾಗ ಫೋನು ಬರುತ್ತದೆ ಅಂದರು. ಮನೆಯ ಫೋನ್ ನಂಬರು ಬರೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವಳು ಒಂದೇ ಮಾತು ಆಡಿದಳು.

"ಇರೋದೊಂದು. ಅದೂ ಓದ್ರೆ?"

ಎರಡಿದ್ದರೆ ಒಂದನ್ನು ಕೊಟ್ಟು ನೋಡೋಣ ಅನ್ನಬಹುದು.

ಅದಾಗಿ ಕೆಲವು ವಾರಕ್ಕೆ, ನಾನು ನಾಲೆ ಏರಿ ಮೇಲೆ ಸುತ್ತಾಡಿಕೊಂಡು ಮನೆಗೆ ಬಂದರೆ, ಅವಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, "ಪೋನ್ ಬಂದಿತ್ತು. ಬತ್ತೀನಿ ಅಂದಿವ್ನಿ" ಅಂದಳು. ಮುಖ ಎತ್ತಲಿಲ್ಲ. ಕೈ ಮಾತ್ರ ಬೇಗಬೇಗ ಸುಲಿಯುತ್ತಿತ್ತು. ಅಷ್ಟು ದಿನ ತಾನೊಬ್ಬಳೇ ಒಳಗೊಳಗೇ ಹೆದರಿ, ತಾನೊಬ್ಬಳೇ ಧೈರ್ಯ ತಂದುಕೊಂಡಿದ್ದಳು. ನಾನು ಹೋಗಿ ಸೊಸೆಗೆ ಹೇಳಿದೆ, ಹೊಲದಿಂದ ಬಂದ ಮಗನಿಗೆ ಹೇಳಿದೆ. ಸೊಸೆ ಆಸ್ಪತ್ರೆಗೆ ಎಂದು ಒಂದು ಹೊಸ ಟವಲು ತೆಗೆದಿಟ್ಟಳು.

ಟವಲು ಪೆಟ್ಟಿಗೆಯಲ್ಲೇ ಉಳಿಯಿತು. ಒಂದು ತಿಂಗಳಾಯಿತು, ಎರಡಾಯಿತು. ದಿನ ಹೇಳಿ ಯಾರೂ ಫೋನ್ ಮಾಡಲಿಲ್ಲ. ಅವಳು ಬಾಗಿಲು ದಾಟುವಾಗ ಮೊದಲು ಕಾಲು ಚಾಚಿ ಹೊಸಿಲು ಮುಟ್ಟಿ ನೋಡಿ ಆಮೇಲೆ ದಾಟುತ್ತಿದ್ದಳು. ನನಗೆ ತಡೆಯಲಾಗದೆ ಒಂದು ದಿನ ಬಸ್ಸು ಹತ್ತಿ ಮೈಸೂರಿನ ಆಸ್ಪತ್ರೆಗೇ ಹೋದೆ. ಅಲ್ಲಿ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರು ಒತ್ತಿ ನೋಡಿ, "ಅಜ್ಜ, ಫೋನ್ ಮಾಡಿದ್ದೇವೆ. ಇಲ್ಲಿ 'ಬೇಡ ಅಂದರು' ಅಂತ ಇದೆ. ಬೇಡ ಅಂದವರಿಗೆ ಮತ್ತೆ ಫೋನ್ ಹೋಗೋದಿಲ್ಲ. ಬೇಕಾದರೆ ಒಪ್ಪಿಸಿ ಕರೆದುಕೊಂಡು ಬನ್ನಿ" ಅಂದಳು.

ಆ ದಿನ ಬಸ್ಸಿನಲ್ಲಿ ಕೂತು ಬರುತ್ತಾ ನಾನು ಯೋಚಿಸಿದ್ದನ್ನು ಈಗ ಬರೆಯಲು ನಾಚಿಕೆ. ನನ್ನ ಹೆಂಡತಿ ಹೆದರಿಕೊಂಡು ಬೇಡ ಅಂದಿದ್ದಾಳೆ, ನನಗೆ ಸಮಾಧಾನವಾಗಲಿ ಎಂದು ಬತ್ತೀನಿ ಅಂದೆ ಎಂದು ಸುಳ್ಳು ಹೇಳಿದ್ದಾಳೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಮನೆಗೆ ಬಂದವನೇ ಕೇಳಿದೆ. "ನೀನು ಬೇಡ ಅಂದಿದ್ದೀಯಂತೆ?"

"ಯಾರಂದ್ರು?"

"ಕಂಪ್ಯೂಟರಲ್ಲಿ ಬರ್ಕೊಂಡವ್ರೆ."

"ನಾನು ಅಂಗಂದೇ ಇಲ್ಲ ಕಣ್ರೀ. ಬತ್ತೀನಿ ಅಂತಾನೆ ಅಂದಿದ್ದು."

"ಅನ್ನದೆ ಇದ್ರೆ ಅವ್ರಿಗೇನು ಉಚ್ಚಾ, ಸುಮ್ನೆ ಬರ್ಕೊಳ್ಳಾಕೆ?"

ಅವಳು ನನ್ನ ದನಿ ಬಂದ ಕಡೆ ಮುಖ ಮಾಡಿದಳು. "ಆಯ್ತು ಬುಡಿ" ಅಂದು ಒಳಗೆ ಹೋದಳು. ಗೋಡೆ ಹಿಡಿದುಕೊಂಡು ಹೋದಳು.

ಒಪ್ಪಿಸಿ ಕರೆದುಕೊಂಡು ಬನ್ನಿ ಅಂದಿದ್ದರಲ್ಲ, ನಾನು ಅದನ್ನೂ ಮಾಡಲಿಲ್ಲ. ಇರುವ ಒಂದೇ ಕಣ್ಣಿಗೆ ಕತ್ತರಿ ಹಾಕಿಸಿಕೋ ಎಂದು ಬಲವಂತ ಮಾಡುವುದು ಹೇಗೆ, ಹೆಚ್ಚು ಕಡಿಮೆಯಾದರೆ ಯಾರು ಹೊಣೆ ಎಂದು ಸುಮ್ಮನಾದೆ. ಅವಳೂ ಸುಮ್ಮನಾದಳು. ಮನೆಯಲ್ಲಿ ಆ ಮಾತೇ ನಿಂತುಹೋಯಿತು. ಅವಳ ಕಣ್ಣು ಮಾತ್ರ ದಿನದಿನಕ್ಕೆ ಮಂಕಾಗುತ್ತಲೇ ಇತ್ತು.

ಇನ್ನು ಮೊಮ್ಮಗಳ ವಿಷಯ. ನಮ್ಮ ಮಗನಿಗೆ ಒಬ್ಬಳೇ ಮಗಳು. ಕೆ.ಆರ್. ನಗರದಲ್ಲಿ ಡಿಗ್ರಿ ಮುಗಿಸಿ, ಅಲ್ಲೇ ಒಂದು ಗೊಬ್ಬರದಂಗಡಿ ಮಹಡಿಯ ಮೇಲಿರುವ ಆಫೀಸಿಗೆ ಸೇರಿಕೊಂಡಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಏನು ಕೆಲಸ ಎಂದು ಕೇಳಿದರೆ "ಫೋನ್ ಕೇಳಿಸ್ಕೊಳ್ಳೋ ಕೆಲಸ ತಾತ" ಅನ್ನುತ್ತಿದ್ದಳು. ಬೇರೆಯವರ ಫೋನು ಕದ್ದು ಕೇಳುವುದೂ ಒಂದು ಕೆಲಸವೇ ಎಂದು ನಾನು ರೇಗಿಸುತ್ತಿದ್ದೆ, ಯಾರ ಪರವಾಗಿ ಎಂದು ಕೇಳಿರಲಿಲ್ಲ.

ಕೆಲಸ ಹೀಗೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ನಮ್ಮ ತಾಲೂಕು, ಎಲ್ಲ ಕಡೆಯ ಜನಕ್ಕೆ ಆ ಕಣ್ಣಾಸ್ಪತ್ರೆಯ ಪರವಾಗಿ ಒಂದು ಯಂತ್ರವೇ ಫೋನ್ ಮಾಡುತ್ತದೆ. ಹೆಣ್ಣಿನ ದನಿ, ಆದರೆ ಹೆಣ್ಣಲ್ಲ. ನಿಮ್ಮ ಸರದಿ ಬಂದಿದೆ, ಬರುತ್ತೀರಾ ಎಂದು ಕೇಳುತ್ತದೆ. ಇತ್ತ ಕಡೆಯವರು ಏನಾದರೂ ಹೇಳುತ್ತಾರೆ. ಆ ಮಾತನ್ನು ಕೇಳಿಸಿಕೊಂಡು ಯಂತ್ರವೇ ಈ ಫೋನು ಏನಾಯಿತು ಎಂದು ಒಂದು ಸಾಲಿಗೆ ಸೇರಿಸುತ್ತದೆ. ಎತ್ತಲಿಲ್ಲ ಎಂದು ಒಂದು ಸಾಲು, ಬೇರೆಯವರು ಎತ್ತಿದರು ಎಂದು ಒಂದು, ಆಮೇಲೆ ಮಾಡಿ ಅಂದರು ಎಂದು ಒಂದು, ಬೇಡ ಅಂದರು, ಬರುತ್ತೇನೆ ಅಂದರು, ಹೀಗೆ. ಯಂತ್ರ ಸರಿಯಾಗಿ ಸೇರಿಸಿದೆಯೋ ಇಲ್ಲವೋ ಎಂದು ನಮ್ಮ ಹುಡುಗಿಯರು ಅಲ್ಲೊಂದು ಇಲ್ಲೊಂದು ತೆಗೆದು ಕೇಳಿ ನೋಡಬೇಕು. ಅವರಿಗೆ ಹೆಸರು ಊರು ಕಾಣುವುದಿಲ್ಲ, ಬರಿ ದನಿ.

ಒಂದು ಸಂಜೆ ಅವಳು ಬಸ್ಸಿಳಿದು ಮನೆಗೆ ಓಡಿಯೇ ಬಂದಳು. ಚಪ್ಪಲಿ ಬಿಡದೆ ಜಗಲಿಗೆ ಹತ್ತಿ, ಅಜ್ಜಿಯ ಕೈ ಹಿಡಿದು ಕೂತಳು.

"ಅಜ್ಜಿ, ಆಸ್ಪತ್ರೆಯಿಂದ ಫೋನ್ ಬಂದಾಗ ಕೋಳಿ ಓಡಿಸ್ತಿದ್ದಾ ನೀನು?"

"ಅವರೆಕಾಯಿಗೆ ಬಾಯಿ ಆಕಾಕೆ ಬಂದಿತ್ತು. ಯಾಕೆ?"

ಮೊಮ್ಮಗಳು ಅಲ್ಲೇ ನಕ್ಕು ಅಲ್ಲೇ ಅತ್ತಳು. 'ಬೇಡ ಅಂದರು' ಎಂಬ ಸಾಲಿನಿಂದ ಒಂದು ಫೋನು ತೆಗೆದು ಕಿವಿಗಿಟ್ಟರೆ, ಮೊದಲು "ಉಶ್, ಉಶ್" ಎಂದು ಕೋಳಿ ಅಟ್ಟುವ ಸದ್ದು. ಆಮೇಲೆ ಯಂತ್ರ ತನ್ನ ಪಾಠ ಒಪ್ಪಿಸಿತು. ಆಮೇಲೆ ಬಹಳ ಹೊತ್ತು ಅವರೆಕಾಯಿ ಸುಲಿಯುವ ಸದ್ದು ಮಾತ್ರ. ಕೊನೆಗೆ ಇವಳ ಅಜ್ಜಿಯ ದನಿ.

"ಆಯ್ತು ಬುಡವ್ವ. ಬತ್ತೀನಿ. ಊಟ ಆಯ್ತಾ ನಿಂದು?"

ಆಫೀಸಿನ ಕಟ್ಟಳೆ ಪ್ರಕಾರ ಆ ಧ್ವನಿಯನ್ನು ಹೊರಗೆ ತರುವ ಹಾಗಿಲ್ಲ. ಹಾಗಾಗಿ ಅವಳೇ ಅಜ್ಜಿಯ ದನಿ ಮಾಡಿ, ಕೋಳಿಯ ಸಮೇತ ನಮಗೆ ತೋರಿಸಿದಳು. ಸೊಸೆ ಅಡುಗೆಮನೆಯಿಂದ ಈಚೆಗೆ ಬಂದು ನಿಂತಳು.

"ಮತ್ತೆ ಬೇಡ ಅಂತ ಯಾಕೆ ಬರ್ಕೊಂಡ್ತು?" ಎಂದು ನಾನು ಕೇಳಿದೆ. ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು.

"ಬುಡವ್ವ ಅಂದ್ಲಲ್ಲ ತಾತ. ಯಂತ್ರಕ್ಕೆ ಕಲಿಸಿರೋರು, ಬಿಡು ಅಂದ್ರೆ ಬೇಡ, ಸಾಕು ಅಂತ ಕಲಿಸವ್ರೆ. ಬತ್ತೀನಿ ಅಂದಿದ್ದೂ ಅದಕ್ಕೆ ಕೇಳಿಸಿದೆ. ಎರಡೂ ಕೇಳಿಸಿದ್ರೆ, ಪಟ್ಟೀಲಿ ಯಾವ ಸಾಲು ಮೇಲಿದ್ಯೋ ಅದಕ್ಕೆ ಆಕ್ತದೆ. 'ಬೇಡ ಅಂದರು' ಮೇಲಿದೆ."

ನಮ್ಮವಳು "ನಾನು ಸುಳ್ಳು ಹೇಳಿದ್ದಿಲ್ಲ ಕಣ್ರೀ" ಎಂದು ಒಂದು ಮಾತು ಚುಚ್ಚಬಹುದಾಗಿತ್ತು, ಚುಚ್ಚಲಿಲ್ಲ. "ಆ ಮಗೀಗೆ ಊಟ ಆಯ್ತಾ ಅಂದ್ರೆ ಉತ್ತರಾನೇ ಕೊಡ್ನಿಲ್ಲ. ಆಗ್ಲೆ ಅನ್ಕೊಂಡೆ, ಇದ್ಯಾಕೋ ಬಿಂಕದ್ದು ಅಂತ" ಅಂದಳು. ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಅವಳ ಪಕ್ಕ ಹೋಗಿ ಕೂತು, "ತಪ್ಪಾಯ್ತು ಕಣಮ್ಮಿ" ಅಂದೆ. ನಮ್ಮ ಸಂಸಾರದಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು ಇರಬೇಕು. ಸೊಸೆ ಎದುರಿಗೇ ಅಂದೆ.

"ಆಯ್ತು ಬುಡಿ" ಅಂದಳು.

ಆ ಮಾತು ಕಿವಿಗೆ ಬಿದ್ದಾಗ ನನಗೆ ಇನ್ನೂ ನಾಚಿಕೆಯಾಯಿತು. ಈ ಬುಡು ಎಂಬ ಮಾತಿನಲ್ಲೇ ನಾನು ಅನ್ನ ತಿಂದವನು. ನೀರು ಬುಡು ಎಂದರೆ ನೀರು ಕೊಡು ಎಂದು. ಗದ್ದೆಯವರು ಏರಿಯ ಮೇಲೆ ನಿಂತು "ಈವತ್ತು ಅವನ ಪಾಳಿ ಆಗ್ಲಿ, ಆಯ್ತು ಬುಡು" ಅಂದರೆ ಒಪ್ಪಿದರು ಎಂದೇ ಲೆಕ್ಕ, ನಾನು ತೂಬು ಎತ್ತುತ್ತಿದ್ದೆ. ಒಂದು ದಿನವೂ ತಪ್ಪು ತಿಳಿದವನಲ್ಲ. ಹೆಂಡತಿಯ ವಿಷಯಕ್ಕೆ ಬಂದಾಗ ಅವಳ ಮಾತು ಬಿಟ್ಟು ಕಂಪ್ಯೂಟರಿನ ಮಾತು ಹಿಡಿದೆ.

ಅಜ್ಜಿಯ ಹೆಸರನ್ನು ಮತ್ತೆ ಬರೆಸಿದರೆ ಮುಗಿಯುತ್ತಿತ್ತು. ಮೊಮ್ಮಗಳಿಗೆ ಅದು ಸಾಲಲಿಲ್ಲ. "ನಮ್ಮಜ್ಜಿ ದನಿ ನಂಗೆ ಗೊತ್ತಿತ್ತು. ಮಿಕ್ಕೋರ ಅಜ್ಜೀರ ದನಿ ಯಾರಿಗೆ ಗೊತ್ತು? ಅವ್ರೂ ಇಂಗೇ ಕಾಯ್ಕೊಂಡು ಕೂತಿರ್ತಾರೆ" ಅಂದಳು. ಅಜ್ಜಿಯೂ ಹಟ ಹಿಡಿದಳು. "ನಂಗೊಬ್ಬಳಿಗೆ ಹಿಂದ್ಲ ಬಾಗ್ಲಿಂದ ಬ್ಯಾಡ. ಪಟ್ಟಿ ಸರಿಯಾಗ್ಲಿ, ಫೋನು ಬರ್ಲಿ, ಆಗ ಓಯ್ತೀನಿ."

ಒಂದೇ ಕಣ್ಣಿನವಳು, ಅದೂ ಆರುತ್ತಿರುವ ಕಣ್ಣಿನವಳು ಹೀಗಂದಾಗ ನನಗೆ ಭಯವಾಯಿತು. ಡಾಕ್ಟರು ತಡ ಮಾಡಬೇಡಿ ಅಂದಿದ್ದರು. ಆದರೆ ಇನ್ನೊಂದು ಸಲ ಅವಳ ಮಾತು ಮೀರುವ ಮುಖ ನನಗಿರಲಿಲ್ಲ.

ಆ ಭಾನುವಾರ ಮೊಮ್ಮಗಳು ಕಾಗದದ ಚೀಟಿ ಮಾಡಿ, ಒಂದೊಂದರಲ್ಲಿ ಒಂದೊಂದು ಸಾಲಿನ ಹೆಸರು ಬರೆದು, ಜಗಲಿಯ ಮೇಲೆ ಮೇಲಿಂದ ಕೆಳಕ್ಕೆ ಜೋಡಿಸಿದಳು. ಗಾಳಿಗೆ ಹಾರದ ಹಾಗೆ ಅವಳ ಅಜ್ಜಿ ತಡವಿ ತಡವಿ ಒಂದೊಂದರ ಮೇಲೂ ಹುಣಸೆ ಬೀಜ ಇಟ್ಟಳು.

"ನೋಡು ತಾತ, ಯಂತ್ರ ಮೇಲಿಂದ ನೋಡ್ಕೊಂಡು ಬತ್ತದೆ. ಈ ಚೀಟಿಗೆ ಸರಿ ಹೋಯ್ತಾ, ಇಲ್ಲೇ ನಿಂತ್ಕೋತದೆ. ಕೆಳಗಡೆ ಏನಿದೆ ಅಂತ ತಿರುಗೀನೂ ನೋಡಲ್ಲ."

"ಅಂಗಾದ್ರೆ ನಾಲೆ ಇದ್ದಂಗೆ ಬುಡು" ಅಂದೆ. "ಮೇಲಿನ ಗದ್ದೆ ಕುಡಿದು ಮಿಕ್ಕಿದ್ದು ಕೆಳಗಿನ ಗದ್ದೆಗೆ."

ಆಗ ನಾನು ಅವಳಿಗೆ ನನ್ನ ಹಳೆಯ ತಪ್ಪೊಂದನ್ನು ಹೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ನೀರು ಬಂದ ದಿನ ಮೇಲಿನ ಗದ್ದೆಯಿಂದಲೇ ಶುರು ಮಾಡುತ್ತಿದ್ದೆ. ಹತ್ತಿರದ್ದು, ಸುಲಭ, ಮೇಲಿನ ಗದ್ದೆಯವರು ಗಟ್ಟಿ ಕುಳಗಳು ಬೇರೆ. ನಾಲೆಯ ಕಟ್ಟಕಡೆಯಲ್ಲಿ ಒಬ್ಬ ಹೆಂಗಸಿನ ಭತ್ತದ ಒಟ್ಲು ಇತ್ತು, ನಾಟಿಗೆಂದು ಬೆಳೆಸಿದ್ದ ಎಳೆಯ ಪೈರು. ನೀರು ಅಲ್ಲಿಗೆ ಮುಟ್ಟುವುದರೊಳಗೆ ಒಣಗಿಹೋಯಿತು. ಆಕೆ ನನ್ನನ್ನು ಬೈಯಲಿಲ್ಲ. ಒಣಗಿದ ಪೈರನ್ನು ಒಂದು ಹಿಡಿ ಕಿತ್ತು ತಂದು ನನ್ನ ಕೈಗೆ ಕೊಟ್ಟು ಹೋದಳು. ಅಂದಿನಿಂದ ನಾನು ಕಡೆ ಗದ್ದೆಗೆ ಮೊದಲು ನೀರು ಬಿಡುವ ಪದ್ಧತಿ ಮಾಡಿಕೊಂಡೆ. ಮೇಲಿನವನಿಗೆ ಒಂದು ದಿನ ತಡವಾದರೆ ಗೊಣಗುತ್ತಾನೆ, ಅಷ್ಟೇ. ಕಡೆಯವನಿಗೆ ತಪ್ಪಿದರೆ ಆ ವರ್ಷದ ಬೆಳೆಯೇ ಇಲ್ಲ.

ಮೊಮ್ಮಗಳು ಚೀಟಿಗಳನ್ನೇ ನೋಡುತ್ತಾ ಕೂತಿದ್ದಳು. "ಬೇಡ ಅಂದೋರಿಗೆ ತಪ್ಪಿ ಇನ್ನೊಂದು ಫೋನ್ ಹೋದ್ರೆ?"

"ಬೈಕೊಂಡು ಇಡ್ತಾರೆ."

"ಬತ್ತೀನಿ ಅಂದೋರು ತಪ್ಪಿ ಬೇಡದ ಸಾಲಿಗೆ ಹೋದ್ರೆ?"

ಇದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಹುಣಸೆ ಬೀಜ ಹಿಡಿದು ಕೂತಿತ್ತು. ಮೊಮ್ಮಗಳು 'ಬೇಡ ಅಂದರು' ಎಂಬ ಚೀಟಿಯನ್ನು ಮೇಲಿನಿಂದ ಎತ್ತಿ 'ಬರುತ್ತೇನೆ ಅಂದರು' ಎಂಬುದರ ಕೆಳಕ್ಕೆ ಇಟ್ಟಳು. ಆಮೇಲೆ ಒಂದು ಹೊಸ ಚೀಟಿ ಹರಿದು, 'ಎರಡು ಮಾತೂ ಕೇಳಿಸಿತು, ಮನುಷ್ಯರು ಫೋನ್ ಮಾಡಿ ಕೇಳಬೇಕು' ಎಂದು ಬರೆದು, ಎಲ್ಲಕ್ಕಿಂತ ಮೇಲೆ ಇಟ್ಟಳು. ಅಜ್ಜಿ ಅದರ ಮೇಲೆ ಎರಡು ಬೀಜ ಇಟ್ಟಳು.

ಅದಾದ ಮೇಲೆ ನನ್ನನ್ನು ಕೂರಿಸಿಕೊಂಡು ಬುಡುವಿನ ಪಾಠ ಬರೆದುಕೊಂಡಳು. ನಾನು ಹೇಳಿದೆ. ಆಯ್ತು ಬುಡು ಅಂದರೆ ಒಪ್ಪಿಗೆ. ಅಯ್ಯೋ ಬುಡು ಅಂದರೆ ಬೇಡ. ಬುಡು ಅತ್ಲಾಗೆ ಅಂದರೆ ಬೇಡವೇ ಬೇಡ. ಬುಡು ಬುಡು ಎಂದು ಎರಡು ಸಲ ಅಂದರೆ ನೀನು ಹೇಳಬೇಕಾ, ನನಗೆ ಗೊತ್ತು ಎಂದು. "ಒಂದು ಮಾತಿಗೆ ಇಷ್ಟು ಅರ್ಥ ಇಟ್ಕೊಂಡು ಅದು ಎಂಗೆ ಬದುಕಿದ್ದೀರಿ ನೀವೆಲ್ಲ" ಅಂದಳು. "ಮುಖ ನೋಡ್ಕೊಂಡು" ಅಂದಳು ನಮ್ಮವಳು.

ಆಫೀಸಿನಲ್ಲಿ ಇವರ ಮೇಲೆ ಒಬ್ಬ ಮೇಡಂ ಇದ್ದಾರೆ, ಹುಣಸೂರಿನವರು. ಒಳ್ಳೆಯವರೇ. ಆದರೆ ಪಟ್ಟಿ ಬದಲಾಯಿಸುವುದಕ್ಕೆ ಮೊದಲು ಒಪ್ಪಲಿಲ್ಲವಂತೆ. ಅವರ ಮಾತಿನಲ್ಲೂ ನ್ಯಾಯವಿತ್ತು. ಬೇಡ ಅಂದವರಿಗೆ ಮತ್ತೆ ಮತ್ತೆ ಫೋನು ಹೋಗಿ ಹಿಂದೆ ಜನ ಜಗಳಕ್ಕೆ ಬಂದಿದ್ದರು, ಅದಕ್ಕೇ 'ಬೇಡ' ಎನ್ನುವುದನ್ನು ಮೇಲಕ್ಕೆ ಹಾಕಿದ್ದು. ಅದೂ ಅಲ್ಲದೆ, "ಬತ್ತೀನಿ ಅಂದ್ರೆ ಬರ್ತೀನಿ ಅಂತಾನೇ ಆಗ್ಬೇಕಾ? ನಮ್ಮ ಕಡೆ ಫೋನ್ ಇಡೋವಾಗ್ಲೂ ಬತ್ತೀನಿ ಅಂತಾರಲ್ಲ. ಅದನ್ನ ಒಪ್ಪಿಗೆ ಅಂತ ಹೇಗೆ ತಗೊಳ್ಳೋದು?" ಎಂದು ಕೇಳಿದರಂತೆ.

ಅಷ್ಟರಲ್ಲಿ ಮೇಡಮ್ಮಿಗೆ ಅವರ ಅತ್ತೆಯ ಫೋನು ಬಂತು. ಭಾನುವಾರ ಮನೆಗೆ ಬಾ ಎಂದು ಕರೆಯುವುದಕ್ಕೆ. ಮೇಡಂ ಎಲ್ಲ ಕೇಳಿಸಿಕೊಂಡು, "ಆಯ್ತು ಬುಡಿ ಅತ್ತೆ, ಬತ್ತೀನಿ" ಎಂದು ಫೋನ್ ಇಟ್ಟರು. ಇಟ್ಟವರು ಹಾಗೇ ಇವಳ ಮುಖ ನೋಡಿದರು.

"ಮೇಡಂ, ಭಾನುವಾರ ಹೋಗ್ತೀರಾ?" ಎಂದು ನಮ್ಮ ಹುಡುಗಿ ಕೇಳಿದಳು.

"ಹೋಗದೆ ಇದ್ರೆ ನಮ್ಮತ್ತೆ ಬುಡ್ತಾರಾ?" ಅಂದರಂತೆ ಮೇಡಂ. ಆಮೇಲೆ ಇಬ್ಬರೂ ನಕ್ಕು ನಕ್ಕು ಸುಸ್ತಾದರಂತೆ.

ಆದರೂ ಮೇಡಂ ಒಬ್ಬರು ಒಪ್ಪಿದರೆ ಸಾಲದು, ಮೈಸೂರಿನಲ್ಲಿ ಅವರಿಗಿಂತ ಮೇಲಿನವರು ಒಪ್ಪಬೇಕು. ಇವಳೂ ಜೊತೆಯ ಹುಡುಗಿಯರೂ 'ಬೇಡ ಅಂದರು' ಸಾಲಿನ ಫೋನುಗಳನ್ನೆಲ್ಲ ಮೊದಲಿಂದ ಕೇಳಿದರು. ಕಿವಿಗೆ ಹಾಕುವ ಯಂತ್ರ ಒತ್ತಿ ಒತ್ತಿ ನೋವಾಗುತ್ತದೆ ಎಂದು ಓಲೆ ತೆಗೆದು ಆ ಸಾಸಿವೆ ಹರಳು ಹಾಕಿಕೊಂಡಿದ್ದು ಒಳ್ಳೆಯದೇ ಆಯಿತು. ಪಿರಿಯಾಪಟ್ಟಣದ ಕಡೆಯ ಒಬ್ಬ ಯಜಮಾನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ನಿಂತು "ಈ ಬೇಯ್ಸೋದು ಮುಗೀಲಿ ಬುಡಿ, ಬತ್ತೀನಿ" ಅಂದಿದ್ದ. ಕೋಟೆ ತಾಲೂಕಿನ ಬೀಚನಹಳ್ಳಿ ಕಡೆಯ ಒಬ್ಬಾಕೆ "ಬುಡ್ರಪ್ಪ, ನೀವು ಕರ್ದ್ ಮೇಲೆ ಬರ್ದೆ ಇರಾಕಾಯ್ತದಾ" ಅಂದಿದ್ದಳು. ಅವರೆಲ್ಲ ಬೇಡದ ಸಾಲಿನಲ್ಲಿ ಕೂತಿದ್ದರು. ನಿಜವಾಗಿ ಬೇಡ ಅಂದವರೂ ಇದ್ದರು. ಅವರನ್ನು ಇದ್ದ ಹಾಗೇ ಬಿಟ್ಟರು.

ಆ ದಿನಗಳಲ್ಲಿ ಮನೆಯಲ್ಲಿ ನಾವು ಏನು ಮಾಡುತ್ತಿದ್ದರೂ ಸಂಜೆ ಬಸ್ಸಿನ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದೆವು. ಮೊಮ್ಮಗಳು ಇಳಿದು ಬರುವಾಗ ತಲೆ ಅಡ್ಡ ಆಡಿಸುತ್ತಿದ್ದಳು. ಅವಳ ಅಜ್ಜಿಗೆ ಅದು ಕಾಣದು, ನಾನು ಹೇಳಬೇಕು. "ಇನ್ನೂ ಇಲ್ಲ" ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಒಂದು ಸಂಜೆ ಅವಳು ಇಳಿದು, ತಲೆ ಆಡಿಸದೆ, ಬಸ್‌ಸ್ಟಾಪಿನಿಂದಲೇ ಕೈ ಎತ್ತಿದಳು. ಪಟ್ಟಿ ಒಪ್ಪಿದ್ದರು. ಎಲ್ಲಕ್ಕಿಂತ ಮೇಲೆ ಇವಳ ಹೊಸ ಚೀಟಿಯೇ.

ಈ ಸಲ ಮನುಷ್ಯರೇ ಫೋನ್ ಮಾಡುವುದು. ನಮ್ಮ ಮನೆಗೆ ಮಾಡುವುದು ಮೊಮ್ಮಗಳಲ್ಲ, ಸ್ವಂತದವರಿಗೆ ಮಾಡುವ ಹಾಗಿಲ್ಲ, ಜೊತೆಯವಳು ಮಾಡುತ್ತಾಳೆ ಎಂದು ಮೊದಲೇ ಹೇಳಿದ್ದಳು. ನಮ್ಮ ಮಗ ಅವ್ವನಿಗೆ ಪಾಠ ಹೇಳಿಕೊಟ್ಟ. "ಅವ್ವ, 'ನನಗೆ ಒಪ್ಪಿಗೆ ಇದೆ' ಅನ್ನು ಸಾಕು. ಬೇರೇನೂ ಸೇರಿಸ್ಬ್ಯಾಡ." ಅವಳು ದಿನಾ ಅದನ್ನು ಬಾಯಿಪಾಠ ಮಾಡಿದಳು.

ಫೋನು ಬಂತು. ಮಗ ಜೋರು ಸದ್ದಿಗೆ ಇಟ್ಟು ಅವಳ ಮುಂದೆ ಹಿಡಿದ. ಆ ಕಡೆಯ ಹುಡುಗಿ ದಿನ ಹೇಳಿ, ಬರ್ತೀರಾ ಅಜ್ಜಿ ಎಂದು ಕೇಳಿದಳು.

"ನನಗೆ ಒಪ್ಪಿಗೆ ಅದೆ" ಅಂದಳು ನಮ್ಮವಳು, ಶಾಲೆಯಲ್ಲಿ ಪದ್ಯ ಹೇಳುವ ಹಾಗೆ. ಮಗ ತಲೆ ಆಡಿಸಿದ. ಅವಳಿಗೆ ಅಲ್ಲಿಗೆ ತಡೆಯಲಾಗಲಿಲ್ಲ. "ಆಯ್ತು ಬುಡವ್ವ, ಬತ್ತೀನಿ. ಊಟ ಆಯ್ತಾ ನಿಂದು?"

ಮಗ ಹಣೆ ಹಣೆ ಚಚ್ಚಿಕೊಂಡ. ಆ ಕಡೆಯಿಂದ ನಗು ಕೇಳಿಸಿತು. "ಆಯ್ತಜ್ಜಿ. ಸೊಪ್ಪಿನ ಸಾರು. ನೀವು ಬರೋದು ಗೊತ್ತಾಯ್ತು ಬುಡಿ."

"ನೋಡಿ, ಇದು ಹೆಣ್ಮಗಳು" ಅಂದಳು ನಮ್ಮವಳು ನನಗೆ.

ಆಸ್ಪತ್ರೆಯ ವ್ಯಾನು ಭೇರ್ಯಕ್ಕೆ ಬಂತು. ಪೆಟ್ಟಿಗೆಯಲ್ಲಿದ್ದ ಟವಲು ಹೊರಗೆ ಬಂತು. ವ್ಯಾನಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಬಿಗಿಯಾಗಿ. ಹೆದರಿಕೆ ಇರಲಿಲ್ಲ ಎಂದು ನಾನು ಬರೆಯಲಾರೆ. ಅವಳಿಗಿಂತ ನನಗೆ ಹೆಚ್ಚಿತ್ತು. ಇರುವುದೊಂದು ಎಂಬ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡಾಡುತ್ತಿತ್ತು. ಆಪರೇಷನ್ ಕೋಣೆಯ ಬಾಗಿಲ ಒಳಗೆ ಕರೆದುಕೊಂಡು ಹೋಗುವಾಗ ಅವಳೇ ನನ್ನ ಕೈ ಬಿಡಿಸಿಕೊಂಡು, "ಓಗ್ಬತ್ತೀನಿ ಬುಡಿ" ಅಂದಳು. ಮೊದಲೇ ಬರೆದೆನಲ್ಲ, ನಿನ್ನೆ ಬೆಳಿಗ್ಗೆ ಪಟ್ಟಿ ಬಿಚ್ಚಿದರು, ಓಲೆ ಎಲ್ಲಿ ಅಂದಳು.

ಮಧ್ಯಾಹ್ನ ಮನೆಗೆ ಬಂದೆವು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಅಟ್ಟದ ಮೂಲೆಯ ಬಲೆ ನೋಡಿ ಸೊಸೆಯನ್ನು ಗದರಿದಳು. ಗದರಿಸಿಕೊಂಡ ಸೊಸೆ ಇಷ್ಟು ಖುಷಿಯಾಗಿ ಇರುವುದನ್ನು ನಾನು ನೋಡಿಯೇ ಇರಲಿಲ್ಲ. ಕೋಳಿಯನ್ನು ನೋಡಿ, "ನೀನೇನಾ, ಅವತ್ತು ಕಾಟ ಕೊಟ್ಟೋಳು" ಅಂದಳು. ಆ ಕೋಳಿ ಅಡ್ಡ ಬಂದದ್ದರಿಂದ ಮೊಮ್ಮಗಳಿಗೆ ಗುರುತು ಸಿಕ್ಕಿದ್ದು. ಇನ್ನು ಅದನ್ನು ಕುಯ್ಯಬಾರದು ಎಂದು ಮನೆಯಲ್ಲಿ ತೀರ್ಮಾನವಾಗಿದೆ.

ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಸಾಯಂಕಾಲ ಊಟಕ್ಕೆ ಅವಳನ್ನು ನಮ್ಮ ಸಾಲಿನಲ್ಲೇ ಕೂರಿಸಿದೆವು. ನಾನು, ಮಗ, ಮೊಮ್ಮಗಳು, ನಡುವೆ ಅವಳು. ಇಷ್ಟು ವರ್ಷ ಎಲ್ಲರಿಗೂ ಬಡಿಸಿ ಕಡೆಗೆ ಉಂಡವಳು. ಸೊಸೆ ಮುದ್ದೆಯ ತಟ್ಟೆ ಹಿಡಿದು ಬಂದಾಗ ಮಾಮೂಲಿನಂತೆ ಮೊದಲು ನನ್ನ ಕಡೆ ಬಗ್ಗಿದಳು. ನಾನು ಪಕ್ಕಕ್ಕೆ ಕೈ ತೋರಿಸಿದೆ. ಮೊದಲ ಮುದ್ದೆ ಅವಳ ತಟ್ಟೆಗೆ ಬಿತ್ತು. ಅವಳು ಬೇಡ ಅನ್ನಲಿಲ್ಲ.

ಹಿತುಕಿದ ಅವರೆಬೇಳೆ ಸಾರು. ಉಪ್ಪು ಸರಿಯಾಗಿತ್ತು. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬೇಳೆ ಒಂದೊಂದನ್ನೂ ನೋಡಿ ನೋಡಿ ಉಂಡಳು. ಸೊಸೆ ಸೌಟು ಹಿಡಿದು ಮತ್ತೆ ಬಂದಳು.

"ಸಾರು ಆಕ್ಲಾ ಅತ್ತೆ?"

"ಬುಡು" ಅಂದಳು ಅತ್ತೆ.

ಸೊಸೆಯ ಕೈ ಅಲ್ಲೇ ನಿಂತಿತು. ಸಾರು ಬಿಡು ಎಂದೋ, ಸಾಕು ಬಿಡು ಎಂದೋ. ಅವಳು ಮಗಳ ಮುಖ ನೋಡಿದಳು. ಮೊಮ್ಮಗಳು ಬಾಯಿತುಂಬ ಮುದ್ದೆ ಇಟ್ಟುಕೊಂಡೇ, "ಮುಖ ನೋಡವ್ವ, ಮುಖ" ಅಂದಳು.

ಎಲ್ಲರೂ ನೋಡಿದೆವು. ಅವಳು ಕಪ್ಪು ಕನ್ನಡಕದ ಮೇಲಿಂದ ಸೌಟಿನೊಳಗೆ ಎಷ್ಟು ಬೇಳೆ ಇದೆ ಎಂದು ಇಣುಕುತ್ತಿದ್ದಳು. ಸೊಸೆ ಸೌಟು ಬಗ್ಗಿಸಿದಳು. ತಟ್ಟೆಗೇ ಬಿತ್ತು, ಒಂದು ಹನಿಯೂ ಆಚೆ ಹೋಗಲಿಲ್ಲ. ಆಮೇಲೆ ಸೊಸೆಯನ್ನೂ ಕೈ ಹಿಡಿದು ಕೂರಿಸಿಕೊಂಡೆವು. ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಬೇಕು ಬೇಕಾದವರು ಬುಟ್ಕೊಂಡು, ಐದು ಜನವೂ ಒಟ್ಟಿಗೆ ಉಂಡೆವು.